ಮೆಕ್ಕೆಜೋಳದ ಹುಳು, ಗೂಗಲ್ ಮತ್ತು 6,000 ಕೋಟಿ

ಹರಪನಹಳ್ಳಿ ತಾಲ್ಲೂಕಿನ ನೀಲಗುಂದದ ಸುತ್ತಮುತ್ತ ಮೆಕ್ಕೆಜೋಳ ಬೆಳೆಯುವವರಿಗೆ ಸೈನಿಕ ಹುಳು ಗೊತ್ತು. ಅಮೆರಿಕ ಖಂಡದ ಈ ಕೀಟ ಭಾರತದಲ್ಲಿ ಮೊದಲು ಪತ್ತೆಯಾಗಿದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದಲ್ಲೇ.

ಇದಕ್ಕೆ ಯಾವ ಔಷಧಿ ಹೊಡೀಬೇಕು ಅಂತ ಗೂಗಲ್‌ನಲ್ಲಿ ಕೇಳಿದರೆ ಸುದ್ದಿ, ವಿಡಿಯೊ, ಜಾಹೀರಾತು ಒಟ್ಟಿಗೇ ಬಂದು ಬೀಳಬಹುದು. ಸಂಶೋಧಕರಿಗೆ ಅಷ್ಟು ಸಾಲದು. ಈ ಹಿಂದೆ ಯಾರು ಏನು ಪರೀಕ್ಷಿಸಿದ್ದಾರೆ, ಏನು ಬಾಕಿ ಇದೆ ಅನ್ನೋ ಪೂರ್ತಿ ಲೆಕ್ಕ ಅವರಿಗೆ ಬೇಕು.

ಗ್ರಂಥಾಲಯದ ಹುಡುಕು ಸಾಧನಗಳು ಇರೋದು ಇದಕ್ಕೇ. ಒಂದೇ ಬೆಳೆಗೆ ನಾವು ಮೆಕ್ಕೆಜೋಳ, ಗೋವಿನಜೋಳ, ಮುಸುಕಿನಜೋಳ ಅಂತೀವಲ್ಲ, ಇಂಗ್ಲಿಷಿನಲ್ಲೂ ಮೇಜ್, ಕಾರ್ನ್ ಅಂತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ನಡೆಸುವ ‘ಅಗ್ರಿಸ್’ ಇಂಥ ಸಮಾನಪದಗಳನ್ನು ಒಂದೇ ವಿಷಯಪದದಡಿ ಕಟ್ಟಿಡುತ್ತದೆ. ಅದು ಉಚಿತ. ಬೆಂಗಳೂರಿನ ‘ಜೆ-ಗೇಟ್’ ಶುರುವಾಗಿದ್ದು 2001ರಲ್ಲಿ, ಗೂಗಲ್ ಸ್ಕಾಲರ್‌ಗಿಂತ ಮೂರು ವರ್ಷ ಮೊದಲು.

ಆದರೆ ಹುಡುಕಿದ್ದೆಲ್ಲ ಓದಲು ಸಿಗಲ್ಲ. ಅದಕ್ಕೆಂದೇ ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಕೊಟ್ಟಿತು. ಸುಮಾರು 13,000 ಪತ್ರಿಕೆಗಳು ಇದರಲ್ಲಿವೆ. ಮೊದಲ ಹಂತದಲ್ಲಿ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಪ್ರವೇಶ. ಖಾಸಗಿ ಕಾಲೇಜಿನಲ್ಲಿ ಓದುವ ರೈತರ ಮಕ್ಕಳು ಹೊರಗೇ ಉಳಿದರು.

ನನ್ನ ವಾದ ಸರಳ. ದುಡ್ಡು ತೆರಿಗೆದಾರರದ್ದು, ಹುಳು ನೀಲಗುಂದದ ಹೊಲದ್ದು. ಹಾಗಿದ್ದಮೇಲೆ ತಾಲ್ಲೂಕು ಗ್ರಂಥಾಲಯದಲ್ಲಿ ಒಂದು ಕಂಪ್ಯೂಟರ್‌ನಲ್ಲಾದರೂ ಈ ಪತ್ರಿಕೆಗಳು ತೆರೆಯಬೇಕು, ಹುಡುಕೋದನ್ನು ಕಲಿಸೋಕೆ ಒಬ್ಬರು ಇರಬೇಕು. ಇಷ್ಟನ್ನೂ ಕೇಳದಿದ್ದರೆ ನಮ್ಮ ಪಾಲಿಗೆ ಉಳಿಯೋದು ಗೂಗಲ್‌ನ ಮೊದಲ ಪುಟ ಮಾತ್ರ.