ಒಪ್ಪಿಗೆಯ ಪ್ರಶ್ನೆ

ಬೇಲೂರಿನಲ್ಲಿ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ವಿಷ್ಣುವರ್ಧನನು ಕಲ್ಯಾಣದ ಚಾಲುಕ್ಯರಿಗೆ ಸಾಮಂತನಾಗಿದ್ದನು. ಆ ಅಧೀನತೆಯನ್ನು ಕಿತ್ತೊಗೆಯಬೇಕೆಂಬ ಅವನ ಹಂಬಲ ಕೈಗೂಡಿದುದು ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ. 1192ರ ವೇಳೆಗೆ ಗದಗಿನಲ್ಲಿಯೂ ಬಲ್ಲಾಳನ ಶಾಸನ ನಿಂತಿತು. 1311ರಲ್ಲಿ ಮಲ್ಲಿಕಾಫರನ ದಂಡು ದೋರಸಮುದ್ರಕ್ಕೆ, ಎಂದರೆ ಇಂದಿನ ಹಳೇಬೀಡಿಗೆ, ಮುತ್ತಿಗೆ ಹಾಕಿತು. ಈ ಎಲ್ಲ ಏಳುಬೀಳುಗಳ ನಡುವೆ ಬೇಲೂರಿನ ಒಕ್ಕಲಿಗನನ್ನಾಗಲಿ, ಅರಸೀಕೆರೆಯ ವರ್ತಕನನ್ನಾಗಲಿ, “ನೀನು ಯಾರ ಆಳ್ವಿಕೆಯಲ್ಲಿರಲು ಬಯಸುವೆ?” ಎಂದು ಕೇಳಿದವರಿಲ್ಲ. ಆ ಪ್ರಶ್ನೆಯನ್ನು ಕತ್ತಿಯೇ ನಿರ್ಣಯಿಸುತ್ತಿತ್ತು.

ಏಕೀಕರಣ ಚಳವಳಿಯ ಕಾಲದಲ್ಲಿ ನಮ್ಮ ಹಿರಿಯರು ಹೊಯ್ಸಳರ ವೈಭವವನ್ನು ಮತ್ತೆ ಮತ್ತೆ ನೆನೆದರು. ಅದು ಸಹಜವೇ. ಆದರೆ ಅರಸನೊಬ್ಬನು ಗೆದ್ದ ನಾಡು ಎಂಬುದಷ್ಟರಿಂದಲೇ ಜನ ಒಂದಾಗಿ ಬಾಳಬೇಕೆಂಬ ವಾದ ಸಿದ್ಧಿಸುವುದಿಲ್ಲವೆಂದು ನನ್ನ ಎಣಿಕೆ. ಜನರ ಇಚ್ಛೆಯೇ ಅದಕ್ಕೆ ಆಧಾರವಾಗಬೇಕು.

ಆ ಇಚ್ಛೆ ಎಲ್ಲೆಡೆಯೂ ಒಂದೇ ಬಗೆಯಾಗಿರಲಿಲ್ಲ. ಅರಸೀಕೆರೆಯಿಂದ ಉತ್ತರಕ್ಕೆ ಸಾಗುವ ರೈಲು ಹರಿಹರದ ಬಳಿ ತುಂಗಭದ್ರೆಯನ್ನು ದಾಟುತ್ತದೆ. 1956ರವರೆಗೆ ಮೈಸೂರು ರಾಜ್ಯ ಅಲ್ಲಿಗೆ ಮುಗಿಯುತ್ತಿತ್ತು. ಆಚೆಯ ದಡ ಮುಂಬಯಿಗೆ ಸೇರಿತ್ತು. ಕನ್ನಡಿಗರು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹಂಚಿಹೋಗಿದ್ದರು. ಆಚೆಯವರಿಗೆ ಏಕೀಕರಣವು ಉಸಿರಿನ ಪ್ರಶ್ನೆಯಾಗಿತ್ತು. ಈಚೆಯ ಮೈಸೂರಿನಲ್ಲಿಯಾದರೋ ಅನೇಕರು ಹಿಂಜರಿದರು. ಶಿವನಸಮುದ್ರದ ವಿದ್ಯುತ್ತು, ಕನ್ನಂಬಾಡಿಯ ಕಟ್ಟೆ, ಭದ್ರಾವತಿಯ ಕಾರ್ಖಾನೆ, 1916ರಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯ, ಇವನ್ನೆಲ್ಲ ಕಟ್ಟಿಕೊಂಡಿದ್ದ ಸಂಸ್ಥಾನವು ಹಿಂದುಳಿದ ಪ್ರದೇಶಗಳ ಹೊರೆಯನ್ನು ಏಕೆ ಹೊರಬೇಕೆಂದು ಅವರು ಕೇಳಿದರು. ಅಧಿಕಾರದ ತಕ್ಕಡಿ ಯಾವ ಕಡೆಗೆ ವಾಲೀತೋ ಎಂಬ ಅಳುಕೂ ಇತ್ತು. ಕನ್ನಡಿಗರಿಗೆ ಎರಡು ರಾಜ್ಯಗಳಿರಲಿ ಎಂಬ ವಾದವೂ ಹುಟ್ಟಿತು. ಇವರನ್ನು ನಾಡದ್ರೋಹಿಗಳೆಂದು ಜರೆಯುವುದು ಸುಲಭ, ಆದರೆ ನ್ಯಾಯವಲ್ಲ. ತನ್ನ ಮನೆಯ ಲೆಕ್ಕವನ್ನು ನೋಡಿಕೊಳ್ಳುವುದೂ ಸ್ವನಿರ್ಣಯದ ಒಂದು ಭಾಗವೇ.

ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮ ಪಕ್ಷದವರೇ ಅನೇಕರು ವಿರೋಧಿಸುತ್ತಿದ್ದರೂ ಏಕೀಕರಣದ ಪರವಾಗಿ ನಿಂತರು. ಹೊಸ ರಾಜ್ಯ ಉದಯಿಸುವ ಮುನ್ನವೇ, 1956ರ ಆಗಸ್ಟಿನಲ್ಲಿ, ಅವರು ಅಧಿಕಾರವನ್ನು ಬಿಡಬೇಕಾಯಿತು. ಅದೇ ನವೆಂಬರ್ 1ರಂದು ವಿಶಾಲ ಮೈಸೂರು ಅಸ್ತಿತ್ವಕ್ಕೆ ಬಂದಾಗ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಕರ್ನಾಟಕವೆಂಬ ಹೆಸರಿಗೆ 1973ರವರೆಗೆ ಕಾಯಬೇಕಾಯಿತು.

ಹಾಗಾದರೆ ಜನರನ್ನು ಕೇಳಲಾಯಿತೇ? ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಇವರನ್ನೊಳಗೊಂಡ ಆಯೋಗವು ಊರೂರು ಸುತ್ತಿ, ಒಂದೂವರೆ ಲಕ್ಷಕ್ಕೂ ಮೀರಿದ ಮನವಿ ಪತ್ರಗಳನ್ನು ಸ್ವೀಕರಿಸಿ, ಒಂಬತ್ತು ಸಾವಿರ ಜನರ ಮಾತನ್ನು ಆಲಿಸಿ, 1955ರಲ್ಲಿ ವರದಿ ಕೊಟ್ಟಿತು. ಶಾಸನಸಭೆಗಳಲ್ಲಿ ಚರ್ಚೆಯಾಯಿತು. ಆದರೆ ಜನಮತಗಣನೆ ನಡೆಯಲಿಲ್ಲ. ಸಂವಿಧಾನದ 3ನೆಯ ಅನುಚ್ಛೇದದಂತೆ ರಾಜ್ಯಗಳ ಗಡಿಯನ್ನು ಬದಲಿಸುವ ಅಧಿಕಾರ ಸಂಸತ್ತಿನದು; ಶಾಸನಸಭೆಯ ಅಭಿಪ್ರಾಯವನ್ನು ಕೇಳಬೇಕು, ಒಪ್ಪಿಗೆ ಅನಿವಾರ್ಯವಲ್ಲ.

ಸ್ಕಾಟ್ಲೆಂಡಿನ ಕಥೆಯನ್ನು ಇದರೊಡನೆ ಇಟ್ಟು ನೋಡಬಹುದು. ಕನ್ನಡಿಗರು ಬೇಡಿದ್ದು ಭಾರತದೊಳಗಿನ ಒಂದು ರಾಜ್ಯವನ್ನು, ಸ್ಕಾಟರಲ್ಲಿ ಹಲವರು ಬೇಡುತ್ತಿರುವುದು ಪ್ರತ್ಯೇಕ ರಾಷ್ಟ್ರವನ್ನು. ಈ ಅಂತರವನ್ನು ಮರೆಯಲಾಗದು. 1707ರಲ್ಲಿ ಇಂಗ್ಲೆಂಡಿನೊಡನೆ ಒಂದಾಗಲು ಒಪ್ಪಿದುದು ಅಲ್ಲಿಯ ಶ್ರೀಮಂತರ ಪಾರ್ಲಿಮೆಂಟು; ಸಾಮಾನ್ಯರನ್ನು ಆಗ ಯಾರೂ ಕೇಳಲಿಲ್ಲ. ಮುನ್ನೂರು ವರ್ಷಗಳ ಮೇಲೆ, 2014ರ ಸೆಪ್ಟೆಂಬರ್ 18ರಂದು, ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ ಎಂಬ ನೇರವಾದ ಪ್ರಶ್ನೆಯನ್ನು ಅವರ ಮುಂದಿಟ್ಟರು. ಹದಿನಾರು ತುಂಬಿದವರಿಗೂ, ಎಂದರೆ ನಿಮಗಿಂತ ಎರಡು ವರ್ಷವಷ್ಟೇ ಹಿರಿಯರಾದವರಿಗೂ, ಮತದ ಹಕ್ಕು ದೊರೆಯಿತು. ನೂರಕ್ಕೆ ಎಂಬತ್ತನಾಲ್ಕಕ್ಕೂ ಹೆಚ್ಚು ಮಂದಿ ಮತ ಚಲಾಯಿಸಿದರು. ಮತ ಹಾಕಿದವರಲ್ಲಿ ನೂರಕ್ಕೆ ಐವತ್ತೈದು ಮಂದಿ ಬೇಡವೆಂದರು. ಒಂದು ತೊಟ್ಟು ರಕ್ತವೂ ಚೆಲ್ಲದೆ ಪ್ರಶ್ನೆ ಅಂದಿಗೆ ತೀರಿತು.

ಅಂದಿಗೆ ಎಂದೆ, ಏಕೆಂದರೆ 2016ರಲ್ಲಿ ಬ್ರಿಟನ್ ಯುರೋಪಿನ ಒಕ್ಕೂಟವನ್ನು ಬಿಡಲು ನಿರ್ಧರಿಸಿದಾಗ ಸ್ಕಾಟರಲ್ಲಿ ನೂರಕ್ಕೆ ಅರವತ್ತೆರಡು ಮಂದಿ ಉಳಿಯಬೇಕೆಂದಿದ್ದರು. ಮತ್ತೊಮ್ಮೆ ಕೇಳಿರೆಂಬ ಕೂಗು ಎದ್ದಿತು. ಲಂಡನ್ನಿನ ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಎಡಿನ್‌ಬರೋ ಪಾರ್ಲಿಮೆಂಟು ಅಂಥ ಮತಗಣನೆಗೆ ಶಾಸನ ಮಾಡಲಾಗದೆಂದು 2022ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು.

ಮತಗಣನೆಯೊಂದೇ ಎಲ್ಲಕ್ಕೂ ಮದ್ದೆಂದು ತಿಳಿಯಬೇಕಾಗಿಲ್ಲ. ‘ಜನ’ ಎಂದರೆ ಯಾರು? 2014ರಲ್ಲಿ ಎಡಿನ್‌ಬರೋದಲ್ಲಿ ನೆಲೆಸಿದ್ದ ಇಂಗ್ಲಿಷಿನವನಿಗೆ ಮತವಿತ್ತು. ಲಂಡನ್ನಿನಲ್ಲಿ ನೆಲೆಸಿದ್ದ ಸ್ಕಾಟನಿಗೆ ಇರಲಿಲ್ಲ. ನಮ್ಮಲ್ಲಿ ಈ ಕಗ್ಗಂಟು ಅತ್ಯಂತ ಬಿಗಿಯಾಗಿರುವುದು ಕಾಸರಗೋಡಿನಲ್ಲಿ. ಜಿಲ್ಲೆಯೊಂದನ್ನು ಘಟಕವೆಂದು ಹಿಡಿದರೆ ಒಂದು ಉತ್ತರ, ತಾಲ್ಲೂಕೆಂದು ಹಿಡಿದರೆ ಮತ್ತೊಂದು, ಹಳ್ಳಿಯೆಂದು ಹಿಡಿದರೆ ಇನ್ನೊಂದು. 1956ರಲ್ಲಿ ಅದು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರ ಭಾಗವು ಮೈಸೂರಿಗೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಆ ಶಿಫಾರಸು ಜಾರಿಗೆ ಬರಲಿಲ್ಲ. ಹೊಳೆಯ ಆ ದಡದ ಶಾಲೆಗಳಲ್ಲಿ ಕನ್ನಡದಲ್ಲಿ ಓದುವ ಮಕ್ಕಳು ಇಂದಿಗೂ ಇದ್ದಾರೆ.