ಮೊದಲು ತೆರೆದ ಬಾಗಿಲು

ಬೀಗ ಹಾಕಲು ನಾಲ್ಕು ಗಂಟೆ ಸಾಕಾಯಿತು. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ಘೋಷಿಸಿದರು, ಹನ್ನೆರಡಕ್ಕೆ ದೇಶವೇ ಮುಚ್ಚಿತು. ಕೊರೋನಾ ಹೊಸ ರೋಗ, ಭಯವಿತ್ತು, ಒಪ್ಪೋಣ. ಆದರೆ ಆಳುವವರ ಮನಸ್ಸು ತಿಳಿಯುವುದು ಬೀಗ ಹಾಕಿದಾಗಲ್ಲ, ತೆಗೆದಾಗ.

ಕರ್ನಾಟಕದಲ್ಲಿ ಅದೇ ವರ್ಷ ಮೇ 4ಕ್ಕೆ ಮದ್ಯದಂಗಡಿಗಳು ತೆರೆದವು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಲ್ಲಿ ಆರು ವಾರ, ಇಲ್ಲಿ ಹತ್ತೊಂಬತ್ತು ತಿಂಗಳು! ಅಂಗಡಿಯಿಂದ ಅಬಕಾರಿ ಸುಂಕ ಬರುತ್ತದೆ. ಒಂದನೇ ತರಗತಿಯ ಮಗುವಿನಿಂದ ಏನು ಬಂದೀತು? ಅದಕ್ಕೆ ಓಟೂ ಇಲ್ಲ.

ಮಕ್ಕಳ ಜೀವ ದೊಡ್ಡದಲ್ಲವೇ ಎನ್ನುತ್ತಾರೆ. ದೊಡ್ಡದೇ. ಅದೇ ಮಕ್ಕಳು ಸಂತೆಯಲ್ಲಿ, ಮದುವೆಮನೆಯಲ್ಲಿ ಓಡಾಡುವಾಗ ಆ ಕಾಳಜಿ ಎಲ್ಲಿ ಹೋಗಿತ್ತು? 2020ರಲ್ಲಿ ಒಂದನೇ ತರಗತಿಗೆ ಸೇರಿದ ಮಗು, ತರಗತಿಯಲ್ಲಿ ಮೊದಲು ಕುಳಿತದ್ದೇ ಎರಡನೆಯದರಲ್ಲಿ. ಸರಿಯಾಗಿ ಅಕ್ಷರ ತಿದ್ದದ ಆ ಬೆರಳುಗಳಿಗೆ ಎರಡನೇ ತರಗತಿಯ ಪಾಠ ಬರೆಸಬೇಕಾದವರು ನಾವು, ಟೀಚರುಗಳು. ಆದೇಶ ಹೊರಡಿಸಿದವರಲ್ಲ.

ಕಲಿಯುವ ವಯಸ್ಸು ಸರ್ಕಾರಿ ಆದೇಶಕ್ಕೆ ಕಾಯುವುದಿಲ್ಲ. ಮತ್ತೆ ಇಂಥ ಪಿಡುಗು ಬಂದರೆ ಶಾಲೆಯನ್ನು ಎಲ್ಲಕ್ಕಿಂತ ಕಡೆಗೆ ಮುಚ್ಚಿ, ಎಲ್ಲಕ್ಕಿಂತ ಮೊದಲು ತೆರೆಯಿರಿ. ಬೊಕ್ಕಸ ಆಮೇಲೆ ತುಂಬಿಕೊಳ್ಳಬಹುದು.