ಕುರ್ಚಿ ಸಿಗುವವರು ಬಿಟ್ಟುಹೋದ ಶಾಲೆ

ಸರ್ಕಾರಿ ಶಾಲೆ ಕೆಟ್ಟುಹೋಯಿತೆಂದು ಮರುಗುವುದು ನಮ್ಮ ಪೇಟೆಯ ಹೆಂಗಸರಿಗೆ ರೂಢಿಯಾಗಿದೆ. ಹೀಗೆ ಮರುಗುವವರಲ್ಲಿ ಎಷ್ಟು ಮಂದಿ ಆ ಶಾಲೆಯ ಮೆಟ್ಟಿಲು ಹತ್ತಿದ್ದಾರೆ? ಮಗುವಿಗೆ ಮೂರು ತುಂಬುವ ಮೊದಲೇ ಟೈ, ಬೂಟು, ವ್ಯಾನು ಇರುವ ಕಾನ್ವೆಂಟಿನ ಅರ್ಜಿ ತಂದಿಟ್ಟುಕೊಂಡವರೇ ಹೆಚ್ಚು.

ಇಪ್ಪತ್ತೇಳು ವರ್ಷದಿಂದ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುತ್ತಿರುವ ನನ್ನ ಮಾತಿಗೆ ಬೇಸರಿಸಬೇಡಿ. ಶಾಲೆ ಕೆಟ್ಟಿದ್ದರಿಂದ ನೀವು ಬಿಟ್ಟಿರೆನ್ನುವುದು ಅರ್ಧ ನಿಜ. ನೀವು ಬಿಟ್ಟದ್ದರಿಂದ ಅದು ಇನ್ನಷ್ಟು ಕೆಟ್ಟಿತೆನ್ನುವುದು ಉಳಿದರ್ಧ.

2001ರಲ್ಲಿ ನಮ್ಮ ರಾಜ್ಯಕ್ಕೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಶಾಲೆಯ ಆಗುಹೋಗು ಕೇಳುವ ಹಕ್ಕು ಅಲ್ಲಿ ಓದುವ ಮಕ್ಕಳ ತಂದೆತಾಯಿಯರಿಗೆ ಸಿಕ್ಕಿತು. ಒಳ್ಳೆಯ ಏರ್ಪಾಡೇ. ಆದರೆ ಸಭೆಗೆ ಬರುವ ತಾಯಿ ಒಂದು ದಿನದ ಕೂಲಿ ಬಿಟ್ಟು ಬರಬೇಕು. ಶೌಚಾಲಯಕ್ಕೆ ನೀರಿಲ್ಲ, ಗಣಿತಕ್ಕೆ ಮೇಷ್ಟರಿಲ್ಲ ಎಂದು ಅರ್ಜಿ ಹಿಡಿದು ಕಚೇರಿಗೆ ಹೋದರೆ ಅವಳನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಅದೇ ಅರ್ಜಿ ವಕೀಲರ ಸೊಸೆಯ ಕೈಯಲ್ಲಿದ್ದರೆ ಕುರ್ಚಿ ಬರುತ್ತದೆ. ಆ ಸೊಸೆಯ ಮಗು ಖಾಸಗಿ ಶಾಲೆಯಲ್ಲಿದೆ. ಅವಳೇಕೆ ಅರ್ಜಿ ಹಿಡಿದಾಳು?

2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ನೂರಕ್ಕೆ 25 ಸೀಟು ಬಡಮಕ್ಕಳಿಗೆಂದು ಇಟ್ಟಿತು. 2019ರಲ್ಲಿ ನಮ್ಮ ರಾಜ್ಯದ ನಿಯಮ ಬದಲಾಗಿ, ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸೀಟು ಕೊಡಬೇಕಿಲ್ಲ ಎಂದಾಯಿತು. ಬಡವರ ಮಕ್ಕಳಿಗೆ ಸಾಕಾದ ಶಾಲೆ ಅಧಿಕಾರಿಗಳ ಮಕ್ಕಳಿಗೆ, ನಮ್ಮ ಮೇಷ್ಟರುಗಳದೇ ಮಕ್ಕಳಿಗೆ ಯಾಕೆ ಸಾಲದು? ತಾನು ಮಾಡಿದ ಅಡಿಗೆ ತಾನುಣ್ಣದವಳು ಬಡಿಸಿದರೆ ಯಾರು ನಂಬುತ್ತಾರೆ?

2025ರ ದಸರಾ ರಜೆಯಲ್ಲಿ ಜಾತಿ ಸಮೀಕ್ಷೆಗೆಂದು ಮನೆಮನೆ ತಿರುಗಿದವರು ನಾವು, ಸರ್ಕಾರಿ ಶಾಲೆಯ ಶಿಕ್ಷಕರು. ಕೆಲಸ ಮುಗಿಯಲಿಲ್ಲವೆಂದು ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಪಾಠ ಹೋಯಿತು. ಕಾನ್ವೆಂಟಿನ ಮಕ್ಕಳಿಗೆ ಹೀಗೆ ಪಾಠ ತಪ್ಪಿದ್ದರೆ ತಾಯಂದಿರು ಸುಮ್ಮನಿರುತ್ತಿದ್ದರೇ? ನಮ್ಮ ಮಕ್ಕಳ ಪರವಾಗಿ ನಮ್ಮೂರಿನಲ್ಲಿ ಒಬ್ಬರೂ ಕೇಳಲಿಲ್ಲ.

ಇಂಗ್ಲಿಷ್ ಬೇಡವೇ ಎನ್ನುತ್ತೀರಿ. ಖಂಡಿತ ಬೇಕು. 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನೂ ತೆರೆದರು. ಅಲ್ಲಿ ಕಲಿಸುವುದು ಸಾಲದಿದ್ದರೆ ಸಾಲದೆಂದು ಕೇಳುವವರೂ ಬೇಕಲ್ಲ?

ಮುಂದಿನ ವರ್ಷ ಕಾನ್ವೆಂಟಿನ ಸಾಲಿನಲ್ಲಿ ನಿಲ್ಲುವ ಮೊದಲು ನಿಮ್ಮ ಬೀದಿಯ ಸರ್ಕಾರಿ ಶಾಲೆಗೆ ಬನ್ನಿ. ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿ. ಕೊರತೆ ಕಂಡರೆ ನಮ್ಮೊಡನೆಯೇ ಜಗಳವಾಡಿ. ಮಗುವನ್ನು ಸೇರಿಸಿ ಜಗಳವಾಡಿ, ಅಷ್ಟೇ.